ಮನೆಮಂದಿಗೆಲ್ಲ ಜಾಗವಿರುವ ಮೈದಾನ

ಇನ್ನು ಮೇಲೆ ಆರೋಗ್ಯದ ಕಡೆ ಗಮನ ಕೊಡಬೇಕು ಎಂದು ನಿಶ್ಚಯಿಸಿದ ಕುಟುಂಬ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಏನನ್ನಾದರೂ ಕೊಳ್ಳುವುದು. ಜಿಮ್ಮಿಗೆ ವರ್ಷದ ಶುಲ್ಕ ಕಟ್ಟುತ್ತಾರೆ, ಟ್ರೆಡ್‌ಮಿಲ್ ತರಿಸುತ್ತಾರೆ, ಹೆಜ್ಜೆ ಎಣಿಸುವ ಕೈಗಡಿಯಾರ ಕಟ್ಟಿಕೊಳ್ಳುತ್ತಾರೆ. ಬೀದಿಯ ಕೊನೆಯಲ್ಲಿರುವ ಉದ್ಯಾನ, ಸಂಜೆಯಾದರೆ ಬೀಗ ಬೀಳುವ ಶಾಲೆಯ ಮೈದಾನ, ಸಮುದಾಯ ಭವನ, ಸಾರ್ವಜನಿಕ ಈಜುಕೊಳ, ಗ್ರಂಥಾಲಯ ಇವು ಯಾವುವೂ ಆ ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ಇಂಥ ಜಾಗವೊಂದು ಕುಟುಂಬಕ್ಕೆ ನಿಜವಾಗಿ ಒದಗಿಬರಬೇಕಾದರೆ ಎರಡು ಗುಣಗಳಿದ್ದರೆ ಸಾಕು: ಅದು ನಡೆದು ಹೋಗುವಷ್ಟು ಹತ್ತಿರವಿರಬೇಕು, ಮತ್ತು ಒಂದೇ ಹೊತ್ತಿನಲ್ಲಿ ಮಗುವಿಗೂ ಹರೆಯದವರಿಗೂ ತಂದೆತಾಯಿಗೂ ಅಜ್ಜ ಅಜ್ಜಿಯರಿಗೂ ಅಲ್ಲಿ ಮಾಡಲು ಏನಾದರೂ ಇರಬೇಕು. ಉಪಕರಣಗಳು ಎಷ್ಟು ಹೊಸವು, ಹುಲ್ಲುಹಾಸು ಎಷ್ಟು ಅಂದವಾಗಿದೆ ಎಂಬುದೆಲ್ಲ ಆಮೇಲಿನ ಮಾತು.

ದೇಹಕ್ಕೆ ಬೇಕಾದ ಚಟುವಟಿಕೆ ನಾವು ಹೆದರುವಷ್ಟು ದೊಡ್ಡದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮ ಬೇಕು. ಬಿರುಸಿನ ನಡಿಗೆ ಅದಕ್ಕೆ ಸಾಕು. ಇದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವಿರಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. 65 ದಾಟಿದವರಿಗೆ ವಾರದಲ್ಲಿ ಮೂರು ದಿನವಾದರೂ ಸಮತೋಲನ ಮತ್ತು ಬಲದ ಅಭ್ಯಾಸ ಬೇಕು, ಏಕೆಂದರೆ ಆ ವಯಸ್ಸಿನಲ್ಲಿ ಬೀಳುವುದೇ ದೊಡ್ಡ ಅಪಾಯ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಬಂಧನೆಯನ್ನು ಅದೇ ಮಾರ್ಗಸೂಚಿ ಕೈಬಿಟ್ಟಿತು. ಅಂದರೆ ಉದ್ಯಾನದವರೆಗೆ ನಡೆದು ಹೋದ ಆರು ನಿಮಿಷ, ಹಿಂದಿರುಗಿದ ಆರು ನಿಮಿಷ ಎರಡೂ ಜಮೆಯಾಗುತ್ತವೆ. ಇಷ್ಟು ಸಡಿಲವಾದ ಲೆಕ್ಕವಿದ್ದೂ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಸುಮಾರು ಶೇ. 31ರಷ್ಟು ಮಂದಿ, ಅಂದರೆ 180 ಕೋಟಿ ಜನ, ಆ ಕನಿಷ್ಠ ಮಟ್ಟವನ್ನೂ ಮುಟ್ಟಿರಲಿಲ್ಲ. ಪುರುಷರಿಗಿಂತ ಮಹಿಳೆಯರಲ್ಲಿ ಈ ಪ್ರಮಾಣ ಹೆಚ್ಚು. ಇಷ್ಟೊಂದು ಜನರನ್ನು ಸೋಮಾರಿಗಳೆಂದು ಕರೆದು ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಲ್ಲ. ಕಾಲಿಟ್ಟ ಕಡೆ ಜಾಗವಿಲ್ಲದಿದ್ದರೆ ನಡೆಯುವವರಾದರೂ ಎಲ್ಲಿ ನಡೆಯಬೇಕು?

ಹತ್ತಿರ ಎಂದರೆ ಎಷ್ಟು ಹತ್ತಿರ ಎಂಬ ಪ್ರಶ್ನೆಗೂ ಒಂದು ಅಂದಾಜಿದೆ. ಮನೆಯಿಂದ 300 ಮೀಟರ್ ಒಳಗೆ, ಅಂದರೆ ಸುಮಾರು ಐದು ನಿಮಿಷದ ನಡಿಗೆಯಲ್ಲಿ, ಅರ್ಧದಿಂದ ಒಂದು ಹೆಕ್ಟೇರ್ ವಿಸ್ತಾರದ ಹಸಿರು ಜಾಗವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ ಸಲಹೆ ಮಾಡಿದೆ. ಫೋನಿನ ನಕ್ಷೆಯಲ್ಲಿ ನಿಮ್ಮ ಮನೆಯಿಂದ ಅಳೆದು ನೋಡಿ. ಆದರೆ ನಕ್ಷೆ ತೋರಿಸುವ ನೇರ ಅಂತರವನ್ನು ನಂಬಬೇಡಿ. ನಡುವೆ ದಾಟಲಾಗದ ಒಂದು ಹೆದ್ದಾರಿ ಇದ್ದರೆ, ಅಥವಾ ಉದ್ಯಾನದ ಗೇಟು ಆಚೆ ಬದಿಗೆ ಮಾತ್ರ ಇದ್ದರೆ, ಇನ್ನೂರು ಮೀಟರಿನ ಜಾಗವೂ ಮಗುವಿನ ಪಾಲಿಗೆ ದೂರದ ಊರೇ. ವಾಹನ ಹತ್ತಿಯೇ ಹೋಗಬೇಕಾದ ಸೊಗಸಾದ ಕ್ರೀಡಾಂಗಣಕ್ಕಿಂತ ಕಾಲ್ನಡಿಗೆಯಲ್ಲಿ ಸಿಗುವ ಸಾಧಾರಣ ಮೈದಾನವೇ ಮೇಲು ಎಂಬುದು ನನ್ನ ಖಚಿತ ನಿಲುವು, ಏಕೆಂದರೆ ಮೊದಲಿನದಕ್ಕೆ ಯೋಜನೆ ಹಾಕಬೇಕು, ಎರಡನೆಯದಕ್ಕೆ ಚಪ್ಪಲಿ ಮೆಟ್ಟಿದರೆ ಸಾಕು.

ಇನ್ನು ಎರಡನೆಯ ಗುಣದ ಮಾತು. ಸಂಜೆಯ ಹೊತ್ತು ಮಕ್ಕಳ ಆಟದ ಜಾಗದ ಸುತ್ತ ಒಮ್ಮೆ ಕಣ್ಣಾಡಿಸಿದರೆ ಒಂದು ವಿಚಿತ್ರ ಕಾಣುತ್ತದೆ: ಮಕ್ಕಳು ಓಡುತ್ತಿರುತ್ತಾರೆ, ಅವರನ್ನು ಕರೆತಂದವರು ಬೆಂಚಿನ ಮೇಲೆ ಫೋನು ಹಿಡಿದು ಕೂತಿರುತ್ತಾರೆ. ಮಗುವಿನ ಅರವತ್ತು ನಿಮಿಷ ಪೂರೈಸುತ್ತದೆ, ದೊಡ್ಡವರ ಲೆಕ್ಕ ಸೊನ್ನೆಯಲ್ಲೇ ಉಳಿಯುತ್ತದೆ. 1953ರಲ್ಲಿ ವೈದ್ಯ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡು ಮಹಡಿಯ ಬಸ್ಸುಗಳ ನೌಕರರ ಮೇಲೆ ನಡೆಸಿದ ಪ್ರಸಿದ್ಧ ಅಧ್ಯಯನ ನನಗೆ ಇಲ್ಲಿ ನೆನಪಾಗುತ್ತದೆ. ದಿನವಿಡೀ ಕೂತಿರುವ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಗಣನೀಯವಾಗಿ ಕಡಿಮೆ ಎಂದು ಅವರು ಕಂಡುಕೊಂಡರು. ಬಸ್ಸು ಒಂದೇ, ಪಾಳಿ ಒಂದೇ, ಕೂತವರ ಗತಿ ಬೇರೆ, ನಿಂತು ಓಡಾಡಿದವರ ಗತಿ ಬೇರೆ. ಉದ್ಯಾನದಲ್ಲೂ ನಡೆಯುತ್ತಿರುವುದು ಇದೇ. ಬೆಂಚಿನಲ್ಲಿ ಕೂತವರನ್ನು ದೂರಿ ಪ್ರಯೋಜನವಿಲ್ಲ. ಮಗುವನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡೇ ನಡೆಯುವುದಕ್ಕೆ ಅನುಕೂಲವಿದ್ದರೆ ಅವರು ಎದ್ದಾರು. ಆದ್ದರಿಂದ ನಡಿಗೆಯ ದಾರಿ ಆಟದ ಜಾಗವನ್ನು ಬಳಸಿಕೊಂಡು ಸುತ್ತುವಂತಿದೆಯೇ, ನಡುವೆ ಎತ್ತರದ ಪೊದೆಬೇಲಿ ಅಡ್ಡವಾಗಿದೆಯೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಹರೆಯದ ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನವೊಂದು ಒಂಬತ್ತು ವರ್ಷ ದಾಟಿದ ಮೇಲೆ ಸಾರ್ವಜನಿಕ ಉದ್ಯಾನಗಳಲ್ಲಿ ಹುಡುಗಿಯರ ಸಂಖ್ಯೆ ಥಟ್ಟನೆ ಇಳಿಯುತ್ತದೆ ಎಂದು ತೋರಿಸಿತು. ಕಾರಣ ಆಸಕ್ತಿ ಕುಂದಿದ್ದಲ್ಲ. ಇದ್ದ ಒಂದೇ ದೊಡ್ಡ ಅಂಕಣ ಮೊದಲು ಬಂದ ಹುಡುಗರ ಗುಂಪಿನ ವಶವಾಗುತ್ತಿತ್ತು, ಅವರೊಡನೆ ಪೈಪೋಟಿಗೆ ನಿಲ್ಲುವ ಬದಲು ಹುಡುಗಿಯರು ಹೊರಟುಹೋಗುತ್ತಿದ್ದರು. ನಗರದ ಐದನೆಯ ಜಿಲ್ಲೆಯ ಎರಡು ಉದ್ಯಾನಗಳನ್ನು 1999ರಲ್ಲಿ ಮರುರೂಪಿಸಿ, ಬಯಲನ್ನು ಚಿಕ್ಕ ಚಿಕ್ಕ ಭಾಗಗಳನ್ನಾಗಿ ವಿಂಗಡಿಸಿ, ಕಾಲುದಾರಿಗಳನ್ನು ಹೆಚ್ಚಿಸಿದಾಗ ಹುಡುಗಿಯರು ಮರಳಿ ಬಂದರು. ಬೇಲಿಯೊಂದನ್ನು ಜರುಗಿಸುವುದರಿಂದ ಆಗುವ ಕೆಲಸಕ್ಕೆ ನಾವು ಮನೆಯಲ್ಲಿ ಕೂತು ಮಗಳಿಗೆ ಆಟವೇ ಬೇಡವಾಗಿದೆ ಎಂದು ಗೊಣಗುತ್ತಿರುತ್ತೇವೆ.

ಉದ್ಯಾನಗಳಲ್ಲಿ ಈಗ ಎಲ್ಲೆಲ್ಲೂ ಕಾಣುವ ಓಪನ್ ಜಿಮ್ಮಿನ ಬಗ್ಗೆ ನನಗೆ ಅರ್ಧ ಮೆಚ್ಚುಗೆ ಮಾತ್ರ. ಕಾಲುಗಳನ್ನು ಹಿಂದೆ ಮುಂದೆ ತೂಗುವ ಯಂತ್ರ, ಸೊಂಟ ತಿರುಗಿಸುವ ತಟ್ಟೆ ಇವು ಕೀಲುಗಳನ್ನು ಸಡಿಲಗೊಳಿಸಲು, ಬಹಳ ದಿನ ಸುಮ್ಮನಿದ್ದ ಹಿರಿಯರಿಗೆ ಧೈರ್ಯ ತುಂಬಲು ಒಳ್ಳೆಯವು. ಆದರೆ ಭಾರವನ್ನು ಹೆಚ್ಚಿಸಿಕೊಳ್ಳುವ ಅವಕಾಶ ಅವುಗಳಲ್ಲಿ ಸಾಮಾನ್ಯವಾಗಿ ಇಲ್ಲದ ಕಾರಣ ಸ್ನಾಯುವಿನ ಬಲ ಒಂದು ಮಟ್ಟದಲ್ಲೇ ನಿಲ್ಲುತ್ತದೆ. ಅದೇ ಉದ್ಯಾನದಲ್ಲಿ ಯಾರೂ ಕಣ್ಣೆತ್ತಿ ನೋಡದ ಒಂದು ಕಬ್ಬಿಣದ ಅಡ್ಡಕಂಬಿ, ನಾಲ್ಕು ಮೆಟ್ಟಿಲು, ಒಂದು ಗಟ್ಟಿ ಬೆಂಚು ಇದ್ದರೆ ಜೋತುಬೀಳುವುದು, ಹತ್ತಿ ಇಳಿಯುವುದು, ಕೂತು ಏಳುವುದು ಇವುಗಳಿಂದ ಇಡೀ ಮನೆಯ ಬಲದ ವ್ಯಾಯಾಮ ಮುಗಿಯುತ್ತದೆ. ಕೈ ಆಧಾರವಿಲ್ಲದೆ ಬೆಂಚಿನಿಂದ ಏಳುವುದನ್ನು ಅಜ್ಜಿ, ಮೊಮ್ಮಗ ಇಬ್ಬರೂ ಪಂದ್ಯ ಕಟ್ಟಿ ಮಾಡಬಹುದು.

ಚಿಕ್ಕ ಮಕ್ಕಳನ್ನು ಬಿಡುವ ಮುನ್ನ ಜಾಗವನ್ನು ಒಂದು ಸುತ್ತು ಪರೀಕ್ಷಿಸುವುದು ಒಳ್ಳೆಯದು. ಜೋಕಾಲಿಯ ಸರಪಳಿ ಮೇಲಿನ ಕಂಬಿಗೆ ಸೇರುವ ಕೊಂಡಿಯನ್ನು ನೋಡಿ. ಸವೆದು ತೆಳುವಾಗುವುದು ಅಲ್ಲೇ ಮೊದಲು. ಜಾರುಬಂಡೆಯ ಕೆಳಗೆ ಮಕ್ಕಳ ಕಾಲು ತಾಗಿ ತಾಗಿ ಮರಳು ಸರಿದು ಗಟ್ಟಿ ನೆಲ ಮೇಲೆದ್ದಿರುತ್ತದೆ. ಅಲ್ಲಿ ಮರಳನ್ನು ಮತ್ತೆ ಎಳೆದು ಹಾಕಬೇಕು. ಬಿಸಿಲಿನಲ್ಲಿ ಕಾದ ಜಾರುಬಂಡೆ, ಲೋಹದ್ದಾಗಲಿ ಪ್ಲಾಸ್ಟಿಕ್ಕಿನದಾಗಲಿ, ಎಳೆಯ ಚರ್ಮವನ್ನು ಸುಡಬಲ್ಲದು, ಆದ್ದರಿಂದ ಮೊದಲು ನಿಮ್ಮ ಅಂಗೈ ಇಟ್ಟು ನೋಡಿ. ಕಂಬಿಗಳ ನಡುವಿನ ಸಂದು 3.5 ಇಂಚಿಗಿಂತ ಕಡಿಮೆ ಅಥವಾ 9 ಇಂಚಿಗಿಂತ ಹೆಚ್ಚು ಇರಬೇಕು. ಅದರ ನಡುವಿನ ಅಳತೆಯಲ್ಲಿ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಇನ್ನೊಂದು ಮಾತನ್ನು ಪ್ರೀತಿಯ ತಂದೆತಾಯಂದಿರು ನಂಬಲಾರರು: ಕಂದನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು ಅದು ಒಂಟಿಯಾಗಿ ಜಾರುವುದಕ್ಕಿಂತ ಅಪಾಯಕರ. ಮಗುವಿನ ಪಾದ ಅಂಚಿಗೆ ಸಿಕ್ಕಿಕೊಂಡಾಗ ಹಿಂದಿನಿಂದ ಒತ್ತುವ ದೊಡ್ಡವರ ಭಾರಕ್ಕೆ ಮೊಣಕಾಲ ಕೆಳಗಿನ ಮೂಳೆ ಮುರಿಯುತ್ತದೆ.

ಈಜುಕೊಳಕ್ಕೂ ಇಂಥದೇ ಒಂದು ಕಣ್ಣಳತೆಯ ಪರೀಕ್ಷೆಯಿದೆ. ಆಳದ ತುದಿಯಲ್ಲಿ ನಿಂತು ತಳದಲ್ಲಿ ನೀರು ಹೊರಹೋಗುವ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ ಇಳಿಯಬೇಡಿ, ಏಕೆಂದರೆ ಮುಳುಗುತ್ತಿರುವವರೂ ಕಾವಲುಗಾರನಿಗೆ ಕಾಣುವುದಿಲ್ಲ. ಮೂಗಿಗೆ ಅಡರುವ ಕ್ಲೋರಿನ್ ವಾಸನೆ ಶುಚಿತ್ವದ ಗುರುತು ಎಂದು ಅನೇಕರು ನಂಬುತ್ತಾರೆ. ವಾಸ್ತವದಲ್ಲಿ ಬೆವರು ಮತ್ತು ಮೂತ್ರದೊಂದಿಗೆ ಕ್ಲೋರಿನ್ ಬೆರೆತಾಗ ಹುಟ್ಟುವ ಕ್ಲೋರಮೀನುಗಳ ವಾಸನೆ ಅದು, ಕಣ್ಣು ಉರಿಯುವುದೂ ಅದರಿಂದಲೇ. ಈಜುವ ಮೊದಲು ಸ್ನಾನ ಮಾಡಿ ಎಂಬ ಫಲಕ ಬರಿಯ ಶಿಷ್ಟಾಚಾರಕ್ಕೆ ಇರುವುದಲ್ಲ. ಗಾಳಿ ತುಂಬಿದ ತೋಳಪಟ್ಟಿಗಳು ಆಟಿಕೆಗಳೇ ಹೊರತು ರಕ್ಷಣಾ ಸಾಧನಗಳಲ್ಲ, ಈಜು ಬಾರದ ಮಗುವಿನಿಂದ ದೊಡ್ಡವರು ಕೈಯಳತೆಯಷ್ಟು ದೂರದಲ್ಲೇ ಇರಬೇಕು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಈಜು ಕಲಿಸುವ ಸಾರ್ವಜನಿಕ ಕೊಳವನ್ನು ನಾನು ವಿಹಾರಕ್ಕಿಂತ ಮೊದಲು ಜೀವರಕ್ಷಣೆಯ ಸೌಲಭ್ಯವೆಂದೇ ಎಣಿಸುತ್ತೇನೆ.

ಜಾಗವಿದ್ದರೂ ಜೊತೆಯಿಲ್ಲದಿದ್ದರೆ ಉತ್ಸಾಹ ಬಹಳ ದಿನ ನಿಲ್ಲದು. ಬ್ಯಾಸ್ಕೆಟ್‌ಬಾಲ್ ಮತ್ತು ವಾಲಿಬಾಲ್ ಎರಡೂ ವೈಎಂಸಿಎ ಎಂಬ ಸಮುದಾಯ ಸಂಸ್ಥೆಯ ಅಂಗಳದಲ್ಲಿ ಹುಟ್ಟಿದ ಆಟಗಳು ಎಂಬುದು ಬಹುಮಂದಿಗೆ ತಿಳಿದಿಲ್ಲ. ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಲೆಂದು 1891ರಲ್ಲಿ ಜೇಮ್ಸ್ ನೈಸ್ಮಿತ್ ಮೊದಲನೆಯದನ್ನು ರೂಪಿಸಿದರು. ಅದರ ಓಟ ತುಸು ವಯಸ್ಸಾದ ಸದಸ್ಯರಿಗೆ ಹೆಚ್ಚಾಯಿತೆಂದು 1895ರಲ್ಲಿ ವಿಲಿಯಂ ಮಾರ್ಗನ್ ಎರಡನೆಯದನ್ನು ಹುಡುಕಿದರು. ಬಾರದವರಿಗಾಗಿ ಆಟವನ್ನೇ ಬದಲಿಸುವ ಈ ಬುದ್ಧಿ ಇಂದಿನ ಮೈದಾನಗಳಿಗೂ ಬೇಕು. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರೊಂದಿಗೆ ಆರಂಭವಾದ ಪಾರ್ಕ್‌ರನ್ ಈಗ ಹಲವು ದೇಶಗಳಿಗೆ ಹಬ್ಬಿದೆ: ವಾರಕ್ಕೊಮ್ಮೆ 5 ಕಿಲೋಮೀಟರ್, ಶುಲ್ಕವಿಲ್ಲ, ನಡೆದರೂ ಆದೀತು, ಇಡೀ ವ್ಯವಸ್ಥೆ ಸ್ವಯಂಸೇವಕರದು. ಓಡಲಾಗದ ಅಜ್ಜನೂ ಗಡಿಯಾರ ಹಿಡಿದು ನಿಲ್ಲಬಹುದು ಎಂಬುದು ನನಗೆ ಅದರಲ್ಲಿ ಅತಿ ಹಿಡಿಸಿದ ಅಂಶ. ಕೊಲಂಬಿಯಾದ ಬೊಗೊಟಾ ನಗರದಲ್ಲಂತೂ 1974ರಿಂದ ಭಾನುವಾರ ಮತ್ತು ರಜಾದಿನಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಮುಖ್ಯ ರಸ್ತೆಗಳನ್ನೇ ಮೋಟಾರು ವಾಹನಗಳಿಗೆ ಮುಚ್ಚಿ ಸೈಕಲ್ಲು, ನಡಿಗೆ, ಸ್ಕೇಟಿಂಗಿಗೆ ಬಿಟ್ಟುಕೊಡುತ್ತಾರೆ. ಹೊಸ ಉದ್ಯಾನ ಕಟ್ಟಲು ನೆಲವಿಲ್ಲ ಎನ್ನುವವರಿಗೆ ಇದೊಂದು ಉತ್ತರ.

ಗ್ರಂಥಾಲಯ, ಸಮುದಾಯ ತೋಟ, ಸರ್ಕಾರಿ ಆರೋಗ್ಯ ಕೇಂದ್ರ ಇವುಗಳನ್ನೂ ಮರೆಯಬಾರದು. ಮಳೆಯ ದಿನಗಳಲ್ಲಿ ಗ್ರಂಥಾಲಯದ ಸಭಾಂಗಣ ಯೋಗ ತರಗತಿಗೆ ಒದಗುತ್ತದೆ. ಸೂಚನಾ ಫಲಕದಲ್ಲಿ ಅಂಟಿಸಿದ ಚೀಟಿಗಳನ್ನು ಓದಿದರೆ ಜಾಲತಾಣದಲ್ಲಿ ಸಿಗದ ಸಂಗತಿಗಳು ಸಿಗುತ್ತವೆ. ತೋಟದಲ್ಲಿ ಅಗೆಯುವುದು, ಹೊರುವುದು ವ್ಯಾಯಾಮವೇ. ಆರೋಗ್ಯ ಕೇಂದ್ರದಲ್ಲಿ ದೊಡ್ಡವರು ರಕ್ತದೊತ್ತಡ ನೋಡಿಸಿಕೊಂಡು, ಮೊಣಕಾಲು ಅಥವಾ ಎದೆಯ ತೊಂದರೆ ಇದ್ದವರು ಒಂದು ಮಾತು ಕೇಳಿಕೊಂಡು ಆರಂಭಿಸಿದರೆ ಮುಂದಿನ ಗೋಳು ತಪ್ಪುತ್ತದೆ.

ಇರುವ ಜಾಗವನ್ನು ಸರಿಪಡಿಸಿಕೊಳ್ಳುವುದಕ್ಕೆ ದೂರಿನ ಭಾಷೆಯೂ ಮುಖ್ಯ. ಉದ್ಯಾನ ಹಾಳಾಗಿದೆ ಎಂದು ಬರೆದ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಪೂರ್ವದ ಗೇಟಿನಿಂದ ಎರಡನೆಯ ಜೋಕಾಲಿಯ ಬಲಗಡೆಯ ಕೊಂಡಿ ಸವೆದಿದೆ ಎಂದು ಬರೆದು, ಫೋಟೋ ಮತ್ತು ದಿನಾಂಕ ಸೇರಿಸಿ ಕೊಟ್ಟರೆ ಕೆಲಸಗಾರನಿಗೆ ಯಾವ ಸ್ಪ್ಯಾನರ್ ಒಯ್ಯಬೇಕೆಂಬುದೂ ತಿಳಿಯುತ್ತದೆ. ಕುಡಿಯುವ ನೀರು, ಶೌಚಾಲಯ, ನೆರಳು, ದೀಪ ಈ ನಾಲ್ಕನ್ನು ಉಪಕರಣಗಳಿಗಿಂತ ಮೊದಲು ಕೇಳಿ, ಏಕೆಂದರೆ ಹಿರಿಯರು ಮತ್ತು ಚಿಕ್ಕ ಮಕ್ಕಳು ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದನ್ನು ನಿರ್ಧರಿಸುವುದು ಅವೇ. ಶಾಲೆಯ ಮೈದಾನವನ್ನು ಸಂಜೆ ತೆರೆಸಲು ಹೊರಟರೆ ಮುಖ್ಯೋಪಾಧ್ಯಾಯರು ಆರೋಗ್ಯದ ಮಹತ್ವವನ್ನು ವಿಚಾರಿಸುವುದಿಲ್ಲ, ಬೀಗದ ಕೈ ಯಾರ ಬಳಿ ಇರುತ್ತದೆ, ಕಿಟಕಿಯ ಗಾಜು ಒಡೆದರೆ ಯಾರು ಹೊಣೆ, ಕಸ ಯಾರು ತೆಗೆಯುತ್ತಾರೆ ಎಂದು ಕೇಳುತ್ತಾರೆ. ಈ ಮೂರಕ್ಕೂ ಹೆಸರು ಮತ್ತು ವಾರದ ಸರದಿಯ ಸಮೇತ ಉತ್ತರ ಬರೆದುಕೊಂಡು, ಮೊದಲಿಗೆ ವಾರದಲ್ಲಿ ಎರಡು ಸಂಜೆ ಮಾತ್ರ, ಕತ್ತಲಾಗುವವರೆಗೆ ಮಾತ್ರ ಎಂದು ಕೇಳಿ.