ಅಜ್ಜನ ತೋಟವೂ ಒಂದು ಕಾಲಕ್ಕೆ ಜಡ್ಡಿ

ಕತ್ತಲೆಕಾನಿಗೆ ಹೋಗೋಣ ಅಂತ ಚಿಕ್ಕಪ್ಪನಿಗೆ ಎಷ್ಟೋ ಸಲ ಹೇಳಿದ್ದೆ. ಕಳೆದ ಜೂನ್‌ನಲ್ಲಿ ಕೂಡಿಬಂತು. ಸಿದ್ದಾಪುರ ತಾಲ್ಲೂಕಿನ ಈ ಕಾಡು ಜೋಗ–ಹೊನ್ನಾವರ ರಸ್ತೆಗೆ ಅಂಟಿಕೊಂಡೇ ಇದೆ. ಅರಣ್ಯ ಇಲಾಖೆಯ ವಾಚರ್ ಒಬ್ಬರು ಜೊತೆಗೆ ಬಂದರು. ರಸ್ತೆ ಬಿಟ್ಟು ಸ್ವಲ್ಪ ಇಳಿದಿದ್ದೇ ತಡ, ಕಾಲು ಕೆಸರಲ್ಲಿ ಹೂತಿತು. ವರ್ಷವಿಡೀ ನೀರು ನಿಲ್ಲುವ ಇಂಥ ಕಾಡಿಗೆ ನಮ್ಮ ಕಡೆ ಜಡ್ಡಿ ಅಂತಾರೆ. ಇದು ರಾಮಪತ್ರೆ, ಅಂದರೆ ಕಾಡು ಜಾಯಿಕಾಯಿ ಜಾತಿಯ ಮರಗಳ ಜಡ್ಡಿ.

ಎಲ್ಲಿ ನೋಡಿದರೂ ಬೇರು. ಮೊಣಕಾಲು ಮಡಚಿ ಕೂತ ಹಾಗೆ ಕೆಸರಿನಿಂದ ಎದ್ದು, ಮತ್ತೆ ಕೆಸರಿಗೇ ಇಳಿಯುವ ಬೇರು. ನೀರು ತುಂಬಿದ ಮಣ್ಣಲ್ಲಿ ಗಾಳಿ ಸಿಗುವುದಿಲ್ಲ. ಅದಕ್ಕೇ ಮರ ಹೀಗೆ ಹೊರಗೆ ಬಂದು ಉಸಿರಾಡುತ್ತದೆ. ಬಗ್ಗಿ ಮುಟ್ಟಿದೆ. ತೊಗಟೆಯ ಮೇಲಿನ ಸಣ್ಣ ಸಣ್ಣ ಗುಳ್ಳೆಗಳು ಬೆರಳಿಗೆ ತಾಗಿದವು. ಪಕ್ಕದಲ್ಲೇ ಒಂದು ಕಾಯಿ ಬಿದ್ದು ಒಡೆದಿತ್ತು. ಒಳಗೆ ಬೀಜ, ಬೀಜಕ್ಕೆ ಸುತ್ತಿಕೊಂಡ ಪತ್ರೆ. ಈ ಬೀಜ ಒಣಗಿದರೆ ಸತ್ತಂತೆಯೇ.

ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮನೆ ತೋಟದ ತಲೆನೂ ಮೊದ್ಲು ಹಿಂಗೇ ಇದ್ದಿತ್ತು ಅಪ್ಪಿ. ನಿನ್ನ ಅಜ್ಜ ಬಸಿಗಾಲುವೆ ತೆಗ್ಸಿ ಅಡಿಕೆ ಹಾಕಿದ" ಎಂದರು.

ನಾನು ಓದಿದ್ದು ಆ ಅಡಿಕೆಯ ದುಡ್ಡಲ್ಲೇ. ಅಜ್ಜ ತಪ್ಪು ಮಾಡಿದ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ನೀರಿರುವ ಕಣಿವೆ ಅಂದರೆ ತೋಟಕ್ಕೆ, ಗದ್ದೆಗೆ ಹೇಳಿ ಮಾಡಿಸಿದ ಜಾಗ. ಊರೂರಲ್ಲೂ ಹಾಗೇ ಆಯಿತು. ಮರ ಕಡಿಯಲೇಬೇಕು ಅಂತಿಲ್ಲ, ನೀರು ಬಸಿದು ಹೋದರೂ ಜಡ್ಡಿ ಸಾಯುತ್ತದೆ. ಈಗ ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು. ಈ ಕಾಡಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನಿಗಳು ಗುರುತಿಸಿದ್ದೇ 2000ದಲ್ಲಿ. ಇಲ್ಲಿನ ಕುಂಬಾರ ಕಪ್ಪೆಗೆ ಹೆಸರು ಸಿಕ್ಕಿದ್ದು 2014ರಲ್ಲಿ. ಅದು ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುತ್ತದೆ. ಅಜ್ಜನ ಜಡ್ಡಿಯಲ್ಲಿ ಏನೇನಿತ್ತೋ! ಹೆಸರಿಡುವ ಮೊದಲೇ ಹೋಯಿತು, ಅಲ್ವಾ?

ಸಿಂಗಳೀಕಗಳಿಂದಾಗಿ ಈ ಭಾಗದ ಕಾಡಿಗೆ 2019ರಿಂದ ಅಭಯಾರಣ್ಯದ ರಕ್ಷಣೆ ಇದೆ. ಶಿರಸಿಯ ಅರಣ್ಯ ಕಾಲೇಜಿನವರು ಜಡ್ಡಿ ಮರಗಳ ಸಸಿ ಬೆಳೆಸಿದ್ದಾರೆ. ವಾಪಸ್ ಬರುವಾಗ ವಾಚರ್ ಒಂದು ಗಿಡ ತೋರಿಸಿದರು. ಮೊಣಕಾಲುದ್ದ ಇತ್ತು, ಐದಾರು ಎಲೆ. ಚಿಕ್ಕಪ್ಪ ಅದರ ಬುಡದ ತರಗೆಲೆ ಸರಿಸಿ, ನೀರು ಎಷ್ಟಿದೆ ಅಂತ ಬೆರಳಿಟ್ಟು ನೋಡಿದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಫೋನ್ ಬಂತು. "ಆ ಮೂಲೆ ಬಸಿಗಾಲುವೆ ಹೂಳು ಈ ಸಲ ತೆಗ್ಸಿದ್ನಿಲ್ಲೆ. ನೀರು ನಿಂತ್ರೆ ನಿಲ್ಲಲಿ. ಸಸಿ ಎಲ್ಲಿ ಸಿಗ್ತು ಕೇಳಿ ನೋಡು."