ಝೂಮ್ ಇಲ್ಲ, ಲೆನ್ಸ್ ಬಿಚ್ಚೋಕೂ ಬರಲ್ಲ. ಮತ್ಯಾಕೆ ಈ ಕ್ಯಾಮೆರಾ?

ನನ್ನ ಕೈಯಲ್ಲಿರುವ ಕ್ಯಾಮೆರಾ ನೋಡಿದವರು ಮೊದಲು ಕೇಳುವುದು, "ಇದು ರೀಲ್ ಕ್ಯಾಮೆರಾನಾ?" ಎಂದು. ಅಲ್ಲ, ಡಿಜಿಟಲ್ ಎಂದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ: "ಝೂಮ್ ಇಲ್ಲ, ಲೆನ್ಸ್ ಬಿಚ್ಚೋಕೂ ಬರಲ್ಲ, ದುಡ್ಡು ಬೇರೆ ಜಾಸ್ತಿ. ಇದನ್ಯಾಕೆ ತಗೊಂಡ್ರಿ?" ಎರಡನೆಯದಕ್ಕೆ ನಿಂತಲ್ಲೇ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಬಗೆಯ ಕ್ಯಾಮೆರಾಗಳಿಗೆ ಹೊಸದಾಗಿ ಜೀವ ಬಂದದ್ದು ಫ್ಯೂಜಿಫಿಲ್ಮ್‌ನ ಎಕ್ಸ್100ರಿಂದ. ಅದನ್ನು 2010ರ ಫೋಟೊಕಿನಾ ಕ್ಯಾಮೆರಾ ಮೇಳದಲ್ಲಿ ತೋರಿಸಿದರು, 2011ರಲ್ಲಿ ಮಾರಾಟಕ್ಕೆ ಬಂತು. ನೋಡಲು ಥೇಟ್ ಹಳೆಯ ರೇಂಜ್‌ಫೈಂಡರ್, ಅಂದರೆ ಲೆನ್ಸಿನಿಂದಲ್ಲ, ಮೇಲಿನ ಬೇರೆ ಕಿಂಡಿಯಿಂದ ನೋಡಿ ತೆಗೆಯುವ ರೀಲ್ ಕ್ಯಾಮೆರಾ. ಯಾಶಿಕಾ ಎಲೆಕ್ಟ್ರೋ 35, ಕ್ಯಾನನ್‌ನ ಕ್ಯಾನೊನೆಟ್ ನೆನಪಿದೆಯಾ? ಅವುಗಳ ಲೆನ್ಸೂ ಬಿಚ್ಚಲು ಬರುತ್ತಿರಲಿಲ್ಲ. ಎಕ್ಸ್100 ಸಾಲಿನಲ್ಲಿ ಈಗಿನದು 2024ರ ಎಕ್ಸ್100ವಿಐ. ಇದರ ಜೊತೆಗೆ ಜೇಬಿಗೆ ಹಿಡಿಯುವ ರೀಕೋ ಜಿಆರ್ ಇದೆ, ಫುಲ್ ಫ್ರೇಮ್ ಸೆನ್ಸರಿನ (ಚಿತ್ರ ಹಿಡಿಯುವ ಚಿಪ್ ಹಳೆಯ ರೀಲಿನ ಫ್ರೇಮಿನಷ್ಟೇ ದೊಡ್ಡದು) ಲೈಕಾ ಕ್ಯೂ ಇದೆ.

ಎಕ್ಸ್100 ನೋಡಲು ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಹಿಡಿದದ್ದು ಆ ಹಳೆಯ ರೂಪ ಮಾಡಿಕೊಡುವ ಕೆಲಸ. ಲೆನ್ಸಿನ ಸುತ್ತ ಅಪರ್ಚರ್ ರಿಂಗ್ (ಬೆಳಕು ಬರುವ ತೂತು ಹಿಗ್ಗಿಸಿ ಕುಗ್ಗಿಸುವ ಬಳೆ) ಇರುತ್ತದೆ. ಮೇಲೆ ಶಟರ್ ಸ್ಪೀಡ್ (ಎಷ್ಟು ಹೊತ್ತು ಬೆಳಕು ಬಿಡಬೇಕು) ಡಯಲ್. ಅದರ ಪಕ್ಕ, ಹೆಬ್ಬೆರಳಿಗೆ ಸಿಗುವ ಹಾಗೆ ಎಕ್ಸ್‌ಪೋಶರ್ (ಫೋಟೊದ ಬೆಳಕು) ಹೆಚ್ಚುಕಡಿಮೆ ಮಾಡುವ ಡಯಲ್. ಕ್ಯಾಮೆರಾ ಆಫ್ ಇದ್ದರೂ ಬಗ್ಗಿ ನೋಡಿದರೆ ಸಾಕು, ಅಪರ್ಚರ್ ಎಫ್/8, ಶಟರ್ 1/250 ಸೆಕೆಂಡ್ ಎಂದು ಕಾಣುತ್ತದೆ. ಕೊರಳಲ್ಲಿ ನೇತಾಡುತ್ತಿರುವಾಗಲೇ ಬೆಳಕಿಗೆ ತಕ್ಕ ಹಾಗೆ ತಿರುಗಿಸಿಟ್ಟು, ಆಮೇಲೆ ಆನ್ ಮಾಡಬಹುದು. ಏನೂ ಬೇಡ ಅನ್ನಿಸಿದರೆ ಅಪರ್ಚರ್ ರಿಂಗನ್ನೂ ಶಟರ್ ಡಯಲನ್ನೂ 'ಎ'ಗೆ ತಿರುಗಿಸಿ, ಎಲ್ಲ ಆಟೋ. ಬಿಸಿಲಲ್ಲಿ ಸ್ಕ್ರೀನ್ ಕಾಣದೆ ಮೆನುವಿನಲ್ಲಿ ತಡಕಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಎಲ್ಲವೂ ಇಷ್ಟು ಸಲೀಸಲ್ಲ. ಎಕ್ಸ್100ರ ಈಚಿನ ಮಾದರಿಗಳಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸ್ಪಂದಿಸಬೇಕೆಂಬ ಅಂಕಿ) ಬದಲಿಸಲು ಶಟರ್ ಡಯಲಿನ ಹೊರಬಳೆಯನ್ನು ಮೇಲೆತ್ತಿ ತಿರುಗಿಸಬೇಕು. ಕಣ್ಣು ವ್ಯೂಫೈಂಡರಿನಲ್ಲಿ (ನೋಡುವ ಕಿಂಡಿಯಲ್ಲಿ) ಇಟ್ಟುಕೊಂಡು ಅದನ್ನು ಮಾಡುವುದು ಕಿರಿಕಿರಿ. ಅದನ್ನು ಆಟೋದಲ್ಲಿ ಬಿಡುವುದೇ ವಾಸಿ.

ವ್ಯೂಫೈಂಡರಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎಕ್ಸ್100ರಲ್ಲಿ ಕಣ್ಣಿಟ್ಟರೆ ಕಾಣುವುದು ಗಾಜಿನ ಮೂಲಕ ನಿಜವಾದ ಲೋಕ. ಅದರೊಳಗೆ ಬೆಳ್ಳಗೆ ಹೊಳೆಯುವ ಒಂದು ಚೌಕಟ್ಟು. ಫೋಟೊದಲ್ಲಿ ಬರುವುದು ಆ ಚೌಕಟ್ಟಿನ ಒಳಗಿನದು ಮಾತ್ರ, ಆದರೆ ಹೊರಗಿನದೂ ಕಾಣುತ್ತಿರುತ್ತದೆ. ಬದಿಯಿಂದ ಯಾರೋ ನಡೆದು ಬರುತ್ತಿದ್ದರೆ ಅವರು ಚೌಕಟ್ಟಿಗೆ ಕಾಲಿಡುವ ಮುಂಚೆಯೇ ಗೊತ್ತಾಗುತ್ತದೆ. ಕಾದು, ಸರಿಯಾದ ಹೆಜ್ಜೆಗೆ ಒತ್ತಬಹುದು. ತೀರಾ ಹತ್ತಿರದ ವಸ್ತುವಾದರೆ ಕಿಂಡಿ ನೋಡುವುದೂ ಲೆನ್ಸ್ ನೋಡುವುದೂ ಬೇರೆಯಾಗುತ್ತದೆ. ಆಗ ಮುಂದಿನ ಪುಟ್ಟ ಲಿವರ್ ಎಳೆದರೆ ಅದೇ ಕಿಂಡಿ ಎಲೆಕ್ಟ್ರಾನಿಕ್ ಆಗಿಬಿಡುತ್ತದೆ, ಲೆನ್ಸ್ ಕಂಡದ್ದೇ ನಮಗೂ ಕಾಣುತ್ತದೆ. ರೀಕೋ ಜಿಆರ್‌ನಲ್ಲಿ ಕಿಂಡಿಯೇ ಇಲ್ಲ, ಸ್ಕ್ರೀನ್ ನೋಡಿಯೇ ತೆಗೆಯಬೇಕು. ಜೇಬಿಗೆ ಹಿಡಿಯಬೇಕೆಂದರೆ ಏನಾದರೂ ಬಿಡಲೇಬೇಕಲ್ವಾ?

ಲೆನ್ಸ್ ಬಿಚ್ಚಲು ಬರದಿರುವುದರಿಂದ ಲಾಭವೂ ಇದೆ. ಆ ಒಂದು ಲೆನ್ಸನ್ನು ಆ ಒಂದು ಸೆನ್ಸರಿಗೆಂದೇ ಹೊಂದಿಸಿ, ಎರಡನ್ನೂ ಹತ್ತಿರ ಹತ್ತಿರ ಕೂರಿಸಬಹುದು. ಅದಕ್ಕೇ ಫೋನಿನದಕ್ಕಿಂತ ಹಲವು ಪಟ್ಟು ದೊಡ್ಡದಾದ ಎಪಿಎಸ್‌-ಸಿ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಅಳತೆಯದು) ಇದ್ದೂ ಕ್ಯಾಮೆರಾ ಅಷ್ಟು ಚಿಕ್ಕದು. ಎಕ್ಸ್100, ಜಿಆರ್ ಎರಡರಲ್ಲೂ ಶಟರ್ ಕೂಡ ಲೆನ್ಸಿನೊಳಗೇ ಇದೆ. ಒತ್ತಿದರೆ ಸಣ್ಣ ಟಿಕ್, ಪಕ್ಕದವರೂ ತಿರುಗಿ ನೋಡುವುದಿಲ್ಲ. ಸುಡು ಬಿಸಿಲಲ್ಲಿ ಮುಖದ ನೆರಳು ತುಂಬಲು ಫ್ಲಾಶ್ ಹಾಕಿದರೂ, ಸೆನ್ಸರಿನ ಮುಂದೆ ಪರದೆ ಸರಿಯುವ ಶಟರಿನ ಕ್ಯಾಮೆರಾಗಳಿಗಿಂತ ವೇಗದ ಶಟರ್ ಸ್ಪೀಡ್ ಇಟ್ಟುಕೊಳ್ಳಬಹುದು.

ಇಷ್ಟಾದರೂ ನನ್ನ ನಿಜವಾದ ಉತ್ತರ ಬೇರೆ. ಲೆನ್ಸಿನ ನೋಟ ಎಷ್ಟು ಅಗಲ ಎಂಬುದನ್ನು ಫೋಕಲ್ ಲೆಂತ್ ಎಂಬ ಎಂ.ಎಂ. ಅಂಕಿ ಹೇಳುತ್ತದೆ; ಅಂಕಿ ಸಣ್ಣದಾದಷ್ಟೂ ನೋಟ ಅಗಲ. ಒಂದೇ ಫೋಕಲ್ ಲೆಂತ್‌ನಲ್ಲಿ ದಿನಾ ಫೋಟೊ ತೆಗೆಯುತ್ತಿದ್ದರೆ, ಕ್ಯಾಮೆರಾ ಎತ್ತುವ ಮುಂಚೆಯೇ ಫ್ರೇಮ್ ಕಾಣತೊಡಗುತ್ತದೆ. ಎಲ್ಲಿ ನಿಂತರೆ ಬಾಗಿಲು ಪೂರ್ತಿ ಬರುತ್ತದೆ, ಎಲ್ಲಿ ನಿಂತರೆ ಬರೀ ಮನುಷ್ಯ ಬರುತ್ತಾನೆ ಎಂದು ಕಾಲಿಗೇ ಗೊತ್ತಿರುತ್ತದೆ. ಯಾವ ಲೆನ್ಸ್ ಹಾಕಲಿ ಎಂಬ ಲೆಕ್ಕಾಚಾರ ತಲೆಯಿಂದ ಇಳಿದು, ಎದುರಿಗಿರುವುದನ್ನು ನೋಡಲು ಪುರುಸೊತ್ತು ಸಿಗುತ್ತದೆ. ನನಗೆ ಫೋಟೊಗ್ರಫಿಯಲ್ಲಿ ಇದಕ್ಕಿಂತ ದೊಡ್ಡ ಖುಷಿ ಇಲ್ಲ.

"ಝೂಮ್ ಯಾಕೆ, ಎರಡು ಹೆಜ್ಜೆ ಮುಂದೆ ಹೋದರಾಯ್ತು" ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಹತ್ತಿರ ಹೋದರೆ ಬೇರೆಯದೇ ಫೋಟೊ ಬರುತ್ತದೆ. ಗುಡ್ಡದ ಮುಂದೆ ಒಬ್ಬರು ನಿಂತಿದ್ದಾರೆ ಎಂದುಕೊಳ್ಳಿ. ದೂರದಿಂದ ಉದ್ದದ ಲೆನ್ಸಿನಲ್ಲಿ ತೆಗೆದರೆ ಗುಡ್ಡ ಅವರ ಬೆನ್ನಿಗೇ ಅಂಟಿದ ಹಾಗೆ ಎತ್ತರಕ್ಕೆ ನಿಲ್ಲುತ್ತದೆ. 28 ಎಂ.ಎಂ. ಹಿಡಿದು ಹತ್ತಿರ ಹೋದರೆ ಮನುಷ್ಯ ಅಷ್ಟೇ ದೊಡ್ಡದಾಗಿ ಬರುತ್ತಾರೆ, ಗುಡ್ಡ ಮಾತ್ರ ಪುಟ್ಟ ದಿಬ್ಬವಾಗಿ ಹಿಂದೆ ಸರಿಯುತ್ತದೆ. ಮುಖದ ಹತ್ತಿರಕ್ಕೇ ಹೋದರಂತೂ ಮೂಗು ದಪ್ಪ, ಕಿವಿ ಸಣ್ಣ. ಮುಖವಷ್ಟನ್ನೇ ತುಂಬಿಸಿ ತೆಗೆಯುವ ಪೋರ್ಟ್ರೇಟೇ ನಿಮ್ಮ ಇಷ್ಟವಾದರೆ ಇದು ನಿಮ್ಮ ಕ್ಯಾಮೆರಾ ಅಲ್ಲ. ಹಕ್ಕಿ, ಕ್ರಿಕೆಟ್, ದೂರದ ವೇದಿಕೆ, ಇವುಗಳ ಮಾತೇ ಬೇಡ.

ತೆಗೆದ ಫೋಟೊದ ಅಂಚು ಕತ್ತರಿಸಿಕೊಂಡರಾಯ್ತಲ್ಲ ಎನ್ನಬಹುದು. ಎಕ್ಸ್100ವಿಐನಲ್ಲಿ 40 ಮೆಗಾಪಿಕ್ಸೆಲ್ ಇದೆ. ಅದರ 35 ಎಂ.ಎಂ. ನೋಟವನ್ನು 50ಕ್ಕೆ ಕತ್ತರಿಸಿದರೆ ಸುಮಾರು 20 ಉಳಿಯುತ್ತದೆ, 70ಕ್ಕೆ ಕತ್ತರಿಸಿದರೆ 10. ಸ್ಕ್ರೀನಿನಲ್ಲಿ ನೋಡಲು ಧಾರಾಳವಾಯಿತು. ಆದರೆ ಅದೇ ಅಪರ್ಚರಿನ ಉದ್ದದ ಲೆನ್ಸ್ ಕೊಡುವಷ್ಟು ಹಿನ್ನೆಲೆ ಮಸುಕಾಗುವುದಿಲ್ಲ.

ಧೂಳಿನ ಕಾಟ ಇನ್ನೊಂದು. ಸೆನ್ಸರಿಗೆ ಒಂದು ಕಣ ಹೋಗಿ ಕೂತರೆ ಆಕಾಶದಲ್ಲಿ ಬೂದು ಚುಕ್ಕೆ ಬೀಳುತ್ತದೆ. ಬೇರೆ ಕ್ಯಾಮೆರಾದಲ್ಲಾದರೆ ಲೆನ್ಸ್ ಬಿಚ್ಚಿ ಊದಿದರೆ ಮುಗಿಯಿತು. ಇಲ್ಲಿ ಸರ್ವಿಸಿಗೇ ಕೊಡಬೇಕು. ಲೆನ್ಸ್ ಕೆಟ್ಟರೆ ಇಡೀ ಕ್ಯಾಮೆರಾವೇ ಮೂಲೆಗೆ.

ಕೆಲವರು ಫಿಲ್ಮಿನಂಥ ಬಣ್ಣಕ್ಕಾಗಿ ಎಕ್ಸ್100 ಬೇಕು ಎನ್ನುತ್ತಾರೆ. ಕ್ಲಾಸಿಕ್ ಕ್ರೋಮ್, ಆಕ್ರೋಸ್ ಎಂಬ ಆ ಫಿಲ್ಮ್ ಸೆಟ್ಟಿಂಗುಗಳೆಲ್ಲ ಅದೇ ಕಂಪನಿಯ ಲೆನ್ಸ್ ಬದಲಿಸುವ ಕ್ಯಾಮೆರಾಗಳಲ್ಲೂ ಇವೆ. ಬರೀ ಬಣ್ಣಕ್ಕಾಗಿ ಇದನ್ನು ಕೊಳ್ಳಬೇಕಿಲ್ಲ. ರೀಲ್ಸ್ ನೋಡಿ ಆಸೆಯಾಯಿತು ಎಂದಂತೂ ಕೊಳ್ಳಲೇಬೇಡಿ. ಹಿಂದಿನ ಮಾದರಿ ಎಕ್ಸ್100ವಿ ಟಿಕ್‌ಟಾಕ್‌ನಲ್ಲಿ ಹೆಸರಾದ ಮೇಲೆ ಹೊಸದು ಸಿಗದೆ, ಬಳಸಿದ ಕ್ಯಾಮೆರಾ ಹೊಸದರ ಬೆಲೆಗಿಂತ ಹೆಚ್ಚಿಗೆ ಮಾರಾಟವಾದದ್ದೂ ಉಂಟು.

ಹಾಗಾದರೆ ಕೊಳ್ಳಲಾ, ಬೇಡವಾ? ನಿಮ್ಮಲ್ಲಿ ಝೂಮ್ ಲೆನ್ಸ್ ಇದ್ದರೆ ನಿಮ್ಮ ಹಳೆಯ ಫೋಟೊಗಳನ್ನು ತೆರೆಯಿರಿ. ಪ್ರತಿ ಫೋಟೊದ ವಿವರದಲ್ಲೂ ಫೋಕಲ್ ಲೆಂತ್ ಇರುತ್ತದೆ. ನಿಮಗೆ ತುಂಬಾ ಹಿಡಿಸಿದ ಫೋಟೊಗಳಲ್ಲಿ ಯಾವುದು ಜಾಸ್ತಿ ಇದೆ ನೋಡಿ. ಎಪಿಎಸ್‌-ಸಿ ಕ್ಯಾಮೆರಾವಾದರೆ ಆ ಅಂಕಿಯನ್ನು ಸುಮಾರು ಒಂದೂವರೆಯಿಂದ ಗುಣಿಸಿಕೊಳ್ಳಿ, ಇಲ್ಲಿನ ಅಂಕಿಗಳೆಲ್ಲ ಫುಲ್ ಫ್ರೇಮ್ ಲೆಕ್ಕದವು. 28ರ ಆಸುಪಾಸು ಬಂದರೆ ಜಿಆರ್ ನೋಡಿ, 35 ಬಂದರೆ ಎಕ್ಸ್100. 40 ಬಂದರೆ 2021ರ ಜಿಆರ್ III ಎಕ್ಸ್ ಇದೆ. 70 ದಾಟುತ್ತಿದ್ದರೆ ಅದೇ ದುಡ್ಡಿಗೆ ಲೆನ್ಸ್ ಬದಲಿಸುವ ಚಿಕ್ಕ ಕ್ಯಾಮೆರಾ, ಜೊತೆಗೊಂದು ಒಳ್ಳೆಯ ಲೆನ್ಸ್ ತಗೊಳ್ಳಿ.