ಒರಟು ಗೆರೆಯ ಸಂತರು: 15ನೇ ಶತಮಾನದ ಜರ್ಮನ್ ಅಚ್ಚುಹಾಳೆಗಳನ್ನು ನೋಡುವ ಬಗೆ

15ನೇ ಶತಮಾನದ ಮೊದಲರ್ಧದ ದಕ್ಷಿಣ ಜರ್ಮನಿಯ ಮರದಚ್ಚುಗಳಲ್ಲಿ (ಮರದ ಹಲಗೆ ಕೆತ್ತಿ ಕಾಗದಕ್ಕೆ ಒತ್ತಿದ ಚಿತ್ರಗಳಲ್ಲಿ) ಸಂತರ ಬಟ್ಟೆಯ ಮಡಿಕೆಗಳು ಕೊಕ್ಕೆಗಳಂತೆ ಬಾಗಿರುತ್ತವೆ, ಗೆರೆ ದಪ್ಪ, ಮುಖದಲ್ಲಿ ನೆರಳಿಲ್ಲ. ಚಿತ್ರಗಾರನಿಗೆ ಕೈ ಕೂಡಿಬರಲಿಲ್ಲ ಅಂತ ತೀರ್ಮಾನಿಸಬೇಡಿ. ಇದರಲ್ಲಿ ಮರದ ಪಾಲೇ ಹೆಚ್ಚು.

ಹಲಗೆಯನ್ನು ಮರದ ನಾರೆಳೆಯ ಉದ್ದಕ್ಕೇ ಸೀಳಿ ತೆಗೆಯುತ್ತಿದ್ದರು. ನಾರೆಳೆ ಒತ್ತಾಗಿರುವ ಪಿಯರ್‌ನಂಥ ಮರವಾದರೆ ಒಳ್ಳೆಯದು. ಗೆರೆಯ ಎರಡೂ ಬದಿಗೆ ಚಾಕುವನ್ನು ಓರೆಯಾಗಿ ಹಿಡಿದು ಕೊಯ್ದು, ಗೆರೆ-ಗೆರೆಗಳ ನಡುವಿನ ಮರವನ್ನು ಉಳಿಯಿಂದ ಕೆತ್ತಿ ತೆಗೆದರೆ ಗೆರೆ ಉಬ್ಬಿ ನಿಲ್ಲುತ್ತದೆ. ಎಳೆಗೆ ಅಡ್ಡ ಬರುವ ತೆಳು ಗೆರೆ ಇದರಲ್ಲಿ ಉಳಿಯುವುದು ಕಷ್ಟ, ಸಣ್ಣ ಒತ್ತಡಕ್ಕೂ ಚಿಪ್ಪೆದ್ದು ಹೋಗುತ್ತದೆ. ಹಾಗಾಗಿ ದಪ್ಪ ಗೆರೆ. ಇಷ್ಟಕ್ಕೂ ನೆರಳು ಯಾಕೆ ಬೇಕು? ಹಾಳೆಗೆ ಆಮೇಲೆ ಕೈಯಲ್ಲೋ ಸ್ಟೆನ್ಸಿಲ್‌ನಲ್ಲೋ ಬಣ್ಣ ಹಚ್ಚುವುದಿತ್ತು. ಗೆರೆ ಬಣ್ಣಕ್ಕೆ ಬೇಲಿಯಾದರೆ ಸಾಕಿತ್ತು.

ಆ ಬಣ್ಣಗಳೇ ಈಗ ತಲೆನೋವು. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಕಾಗದವನ್ನೇ ತಿನ್ನುತ್ತದೆ. ಹಾಳೆಯನ್ನು ತಿರುಗಿಸಿದರೆ ಹಸಿರಿದ್ದ ಜಾಗದ ಹಿಂದೆ ಕಂದು ಕಲೆ, ಕೆಲವೆಡೆ ತೂತು. ಸೀಸದಿಂದ ಮಾಡಿದ ಸಿಂಧೂರ ಕಪ್ಪಾಗುತ್ತದೆ. ಸಂತನ ಕೆಂಪು ಮೇಲಂಗಿ ಮಸಿ ಚೆಲ್ಲಿದಂತೆ ಕಂಡರೆ ಕಾರಣ ಇದೂ ಇರಬಹುದು.

ಮೊದಮೊದಲು ಪ್ರೆಸ್ ಇರಲಿಲ್ಲ. ನೀರಿನಲ್ಲಿ ಕಲಸಿದ ತೆಳು ಕಂದು ಮಸಿಯನ್ನು ಹಲಗೆಗೆ ಹಚ್ಚಿ, ಒದ್ದೆ ಕಾಗದ ಹಾಸಿ, ಹಿಂಬದಿಯನ್ನು ಉಜ್ಜುತ್ತಿದ್ದರು. ಉಜ್ಜಿದ ಬೆನ್ನು ನುಣ್ಣಗೆ ಹೊಳೆಯುತ್ತದೆ, ಗೆರೆ ಕಾಗದದಲ್ಲಿ ಆಳವಾಗಿ ಕೂತಿರುತ್ತದೆ. ಹೀಗೆ ಅಚ್ಚಾದ ಹಾಳೆಗೆ ಒಂದೇ ಮಗ್ಗುಲು, ಇನ್ನೊಂದಕ್ಕೂ ಒತ್ತಲು ಹೋದರೆ ಉಜ್ಜುವಾಗ ಮೊದಲಿನದು ಕೆಡುತ್ತದೆ. ಪ್ರೆಸ್ಸಿನಲ್ಲಿ ಒತ್ತುವ ಎಣ್ಣೆಮಸಿ ಕಪ್ಪು. ಎಣ್ಣೆ ಹೆಚ್ಚಾದರೆ ಗೆರೆಯ ಸುತ್ತ ಹಳದಿ ಪಸೆ ಹರಡುತ್ತದೆ.

ದಕ್ಷಿಣ ಜರ್ಮನಿಯ ಬುಕ್ಸ್‌ಹೈಮ್ ಮಠದ ಒಂದು ಹಸ್ತಪ್ರತಿಯ ರಟ್ಟಿನ ಒಳಮೈಗೆ ಅಂಟಿಸಿದ್ದ ಸಂತ ಕ್ರಿಸ್ಟೋಫರನ ಹಾಳೆಯಲ್ಲಿ 1423 ಎಂಬ ವರ್ಷ ಕೆತ್ತಿದೆ. ಇಸವಿ ಇರುವ ಅತಿ ಹಳೆಯ ಮರದಚ್ಚುಗಳಲ್ಲಿ ಇದೂ ಒಂದು, ಈಗ ಮ್ಯಾಂಚೆಸ್ಟರಿನಲ್ಲಿದೆ. ಬಾಲಯೇಸುವನ್ನು ಹೊತ್ತ ಸಂತ ನದಿ ದಾಟುತ್ತಾನೆ, ಎಡದಂಡೆಯಲ್ಲಿ ಗಿರಣಿ, ಬಲದಂಡೆಯಲ್ಲಿ ಲಾಂದ್ರ ಹಿಡಿದ ವಿರಕ್ತ, ಅವನ ಕೆಳಗೆ ಬಿಲದಿಂದ ಇಣುಕುವ ಮೊಲ. ಅಡಿಯ ಲ್ಯಾಟಿನ್ ಸಾಲಿನ ಅರ್ಥ: ಯಾವ ದಿನ ಕ್ರಿಸ್ಟೋಫರನ ಮುಖ ನೋಡುತ್ತೀಯೋ ಆ ದಿನ ನಿನಗೆ ದುರ್ಮರಣವಿಲ್ಲ. ನೋಡಿದರೆ ಸಾಕು, ಕೆಲಸ ಆಗುತ್ತದೆ. ಇಂಥ ಹಾಳೆ ಗೋಡೆಗೆ, ಪೆಟ್ಟಿಗೆಗೆ ಅಂಟಿಕೊಂಡು ಸವೆದು ಹೋಗುವುದೇ ಸಹಜ. ಉಳಿದವುಗಳಲ್ಲಿ ಬಹುಪಾಲು ಪುಸ್ತಕದ ರಟ್ಟಿನೊಳಗೆ ಬಚಾವಾದವು.

ಒಂದೇ ಹಲಗೆಯ ಎರಡು ಪ್ರತಿಗಳಲ್ಲಿ ಯಾವುದು ಮೊದಲಿನದು? ಅಂಚಿನ ಚೌಕಟ್ಟಿನ ಗೆರೆ ನೋಡಿ, ಪೆಟ್ಟು ಮೊದಲು ಬೀಳುವುದು ಅದಕ್ಕೇ. ಹೆಚ್ಚು ಬಿರುಕುಗಳಿದ್ದರೆ ಅದು ಆಮೇಲಿನದು. ಗೆರೆಯ ನಡುವೆ ದುಂಡನೆಯ ಬಿಳಿ ಚುಕ್ಕೆ ಕಂಡರೆ ಹಲಗೆಗೆ ಹುಳು ಹೊಕ್ಕಿದೆ.

ತಾಮ್ರದ ತಗಡು ಕೆತ್ತಿ ಒತ್ತುವ ಅಚ್ಚಿನದು ಇನ್ನೊಂದು ಲೆಕ್ಕ. ಇಲ್ಲಿ ಗೆರೆ ತಗ್ಗು. ಮಸಿ ತುಂಬಿ ಮೇಲ್ಮೈ ಒರೆಸಿ, ರೋಲರ್ ಪ್ರೆಸ್ಸಿನಲ್ಲಿ ಒತ್ತಬೇಕು. ಕೂದಲೆಳೆಯ ನೆರಳುಗೆರೆ ಸಾಧ್ಯ, ಆದರೆ ಒರೆಸಿ ಒತ್ತಿದಷ್ಟೂ ಅದೇ ಮೊದಲು ಅಳಿಯುವುದು. ಇ.ಎಸ್. ಎಂಬ ಎರಡಕ್ಷರದಿಂದಷ್ಟೇ ಗುರುತಿಸುವ ಕಲಾವಿದ 1466ರಲ್ಲಿ ಸ್ವಿಟ್ಜರ್ಲೆಂಡಿನ ಐನ್‌ಸೀಡಲ್ನ್ ಯಾತ್ರಾಸ್ಥಳದ ಮೇರಿಯ ಚಿತ್ರ ಕೆತ್ತಿದ. ಅಲ್ಲಿನ ಗುಡಿಯ ಪ್ರತಿಷ್ಠೆಯ 500ನೇ ವರ್ಷದ ಉತ್ಸವ ನಡೆದ ಸಂದರ್ಭ ಅದು.

ಅವನ ಸವೆದ ತಗಡುಗಳನ್ನು ಮತ್ತೆ ಕೆತ್ತಿ ಒತ್ತಿದವರಲ್ಲಿ ಜರ್ಮನಿಯ ಬೋಖೋಲ್ಟ್ ಊರಿನ ಇಸ್ರಾಯೆಲ್ ಫಾನ್ ಮೆಕೆನೆಮ್ ಮುಖ್ಯ. ಅವನು ಚಾಲಾಕಿ ವ್ಯಾಪಾರಿ. ಅವನ ‘ಸಂತ ಗ್ರೆಗರಿಯ ಪೂಜೆ’ಯ ಒಂದು ಅಚ್ಚು, ಅದರ ಮುಂದೆ ಪ್ರಾರ್ಥಿಸಿದವರಿಗೆ ಸತ್ತ ಮೇಲಿನ ಶುದ್ಧೀಕರಣದ ಶಿಕ್ಷೆಯಲ್ಲಿ 20,000 ವರ್ಷ ಮಾಫಿ ಎಂದು ಸಾರುತ್ತಿತ್ತು. ತಗಡು ತಿದ್ದಿದ ಮೇಲೆ ಅದು 45,000 ಆಯಿತು. ತಾಮ್ರದಲ್ಲಿ ತಿದ್ದುವುದು ಕಷ್ಟವೇನಲ್ಲ: ಹಳೆಯ ಗೆರೆಯನ್ನು ಹೆರೆದು, ಉಜ್ಜಿ ನುಣುಪು ಮಾಡಿ, ತಗ್ಗಾದ ಜಾಗವನ್ನು ಹಿಂದಿನಿಂದ ತಟ್ಟಿ ಎಬ್ಬಿಸಿ, ಹೊಸದಾಗಿ ಕೊರೆದರಾಯಿತು. ಮರದಲ್ಲಾದರೆ ಆ ತುಂಡನ್ನೇ ಕೊರೆದು ತೆಗೆದು ಬೇರೆ ಮರ ಬೆಸೆಯಬೇಕು. ಬೆಸುಗೆಯ ಅಂಚು ಬಿಳಿ ಎಳೆಯಾಗಿ ಅಚ್ಚಿನಲ್ಲಿ ಕಂಡೇಬಿಡುತ್ತದೆ.